ಸಡಿಲ ಸ್ಟೀರಿಂಗ್‌ಗೆ ಮೂರು ದಾರಿ: ಬಿಗಿ ಮಾಡಿದ್ದು, ತೂತು ಕೊರೆದದ್ದು, ಎಂಜಿನ್ ಎತ್ತಿದ್ದು

ಸ್ಟರ್ನ್‌ಡ್ರೈವ್ ಬೋಟು, ಅಂದರೆ ಎಂಜಿನ್ ಒಳಗೂ ಪ್ರೊಪೆಲ್ಲರ್ ಇರುವ ಕಾಲು (ಡ್ರೈವ್) ಹಿಂದೆ ಹೊರಗೂ ಇರುವ ಬೋಟು, ನಿಧಾನಕ್ಕೆ ಹೋಗುವಾಗ ಸ್ವಲ್ಪ ಅತ್ತಿತ್ತ ಅಲೆಯುತ್ತದೆ. ಅದು ರೋಗ ಅಲ್ಲ, ಅದರ ಸ್ವಭಾವ. ಹಾಗಾಗಿ ನನ್ನ 1994ರ ಬೋಟು ಲೇಕ್ ಲ್ಯಾನಿಯರ್‌ನಲ್ಲಿ ಓಲಾಡಲು ಶುರು ಮಾಡಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಟ್ಲಾಂಟಾದ ಉತ್ತರಕ್ಕಿರುವ ಈ ಜಲಾಶಯದಲ್ಲಿ ಬೇಸಿಗೆಯ ಶನಿವಾರ ಅಂದರೆ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಸರಿ. ಪಕ್ಕದ ಬೋಟಿನ ಅಲೆ ಬಡಿದಾಗಲೆಲ್ಲ ಹಿಂದಿನಿಂದ ಟಣ್ ಅಂತ ಸದ್ದು ಬರತೊಡಗಿತು. ಆಮೇಲೆ ವೇಗದಲ್ಲೂ ಅದೇ ಕಥೆ. ಚಕ್ರ ತಿರುಗಿಸಿದರೆ ಬೋಟು ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತಿತ್ತು.

ಮರೀನಾದಲ್ಲಿ ಒಬ್ಬರು "ಕೇಬಲ್ ಹೋಗಿದೆ" ಅಂದರು. ನಂಬಿ ಸ್ಟೀರಿಂಗ್ ಕೇಬಲ್ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಮೊದಲೇ ಮಾಡಬೇಕಿದ್ದ ಪರೀಕ್ಷೆಗೆ ಕಾಸು ಖರ್ಚಿಲ್ಲ, ಇಬ್ಬರು ಜನ ಸಾಕು. ಬೋಟು ಟ್ರೇಲರ್ ಮೇಲಿರಲಿ. ಹೆಂಡತಿ ಚಕ್ರ ಅಲುಗದಂತೆ ಹಿಡಿದು ಕೂತಳು. ನಾನು ಪ್ರೊಪೆಲ್ಲರ್ ಕೆಳಗಿನ ರೆಕ್ಕೆ ಹಿಡಿದು ಡ್ರೈವನ್ನು ಎಡಬಲಕ್ಕೆ ಅಲುಗಿಸಿದೆ. ಹೆಚ್ಚುಕಡಿಮೆ ಮೂರು ಇಂಚು ಆಡುತ್ತಿತ್ತು. ಆಮೇಲೆ ಅವಳು ಟಾರ್ಚ್ ಹಿಡಿದು ಎಂಜಿನ್ ಹಿಂದೆ ಬಗ್ಗಿ ನೋಡಿದಳು. ಒಳಗಿನ ಸ್ಟೀರಿಂಗ್ ಲಿವರ್ ಕದಲುತ್ತಿರಲಿಲ್ಲ, ಹೊರಗೆ ಡ್ರೈವ್ ಮಾತ್ರ ಆಡುತ್ತಿತ್ತು. ಲಿವರೂ ಜೊತೆಗೆ ಆಡಿದ್ದರೆ ತಪ್ಪು ಕೇಬಲ್‌ನಲ್ಲೋ ಚಕ್ರದ ಬುಡದಲ್ಲೋ ಇರುತ್ತಿತ್ತು. ಲಿವರ್ ಸುಮ್ನೆ ನಿಂತಿದೆ ಅಂದರೆ ತಪ್ಪು ಅದರಾಚೆಗಿದೆ.

ಅದರಾಚೆಗೆ ಏನಿದೆ? 1959ರಲ್ಲಿ ಬೋಟು ಎಂಜಿನ್ ಕಂಪನಿ ವೋಲ್ವೊ ಪೆಂಟಾ ತಂದ ಅಕ್ವಾಮ್ಯಾಟಿಕ್‌ನಿಂದ ಇವತ್ತಿನವರೆಗೂ ಈ ಜಾತಿಯ ಲೆಕ್ಕ ಒಂದೇ: ಎಂಜಿನ್ ಒಳಗೆ, ಕಾಲು ಹೊರಗೆ. ಬೇರೆ ಚುಕ್ಕಾಣಿ ಇಲ್ಲ, ಇಡೀ ಕಾಲೇ ತಿರುಗಬೇಕು. ನನ್ನದರಲ್ಲಿ ಆ ಕಾಲನ್ನು ಹೊತ್ತಿರುವುದು ಗಿಂಬಲ್ ರಿಂಗ್ ಅನ್ನುವ ಅಲ್ಯೂಮಿನಿಯಂ ಬಳೆ. ಲಿವರಿನಿಂದ ಬರುವ ಉಕ್ಕಿನ ಸ್ವಿವೆಲ್ ಶಾಫ್ಟಿನ ಚೌಕಾಕಾರದ ತುದಿ ಈ ಬಳೆಯ ಚೌಕ ತೂತಿನಲ್ಲಿ ಕೂತಿರುತ್ತದೆ. ಗುದ್ದಲಿಗೆ ಕಾವು ಕೂತ ಹಾಗೆ. ವರ್ಷಗಟ್ಟಲೆ ಅಲುಗಿ ಅಲುಗಿ ಮೆತ್ತಗಿನ ಅಲ್ಯೂಮಿನಿಯಂ ಸವೆದು, ಚೌಕದ ಮೂಲೆಗಳು ದುಂಡಗಾಗುತ್ತವೆ.

ಮೊದಲ ದಾರಿ, ಬಳೆಯ ಕ್ಲ್ಯಾಂಪ್ ಬೋಲ್ಟ್ ಬಿಗಿ ಮಾಡುವುದು. ಅರ್ಧ ಗಂಟೆ ಕೆಲಸ, ಖರ್ಚು ಸೊನ್ನೆ. ಮೂರು ಇಂಚು ಇದ್ದ ಆಟ ಒಂದಕ್ಕೆ ಇಳಿಯಿತು. ಖುಷಿಯಾಗಿ ಎರಡು ತಿಂಗಳು ಓಡಾಡಿದೆವು. ಆಮೇಲೆ ಮತ್ತೆ ಟಣ್. ಇನ್ನೊಮ್ಮೆ ಬಿಗಿ ಮಾಡಿದೆ, ಎರಡೇ ವಾರ ತಡೆಯಿತು. ಮೂರನೇ ಸಲ ಜಾಸ್ತಿ ಬಲ ಹಾಕಲು ಹೋಗಿ ಕೈ ತಡೆದೆ, ಬೋಲ್ಟ್ ಮುರಿದರೆ ಇನ್ನೊಂದು ತಲೆನೋವು. ನನ್ನ ಲೆಕ್ಕದಲ್ಲಿ ಇದು ರಿಪೇರಿಗಿಂತ ಹೆಚ್ಚಾಗಿ ಒಂದು ಪರೀಕ್ಷೆ. ಬಿಗಿ ನಿಂತರೆ ಬೋಲ್ಟ್ ಮಾತ್ರ ಸಡಿಲವಿತ್ತು ಅಂತ ಅರ್ಥ. ನಿಲ್ಲದಿದ್ದರೆ ಚೌಕ ಹೋಗಿದೆ.

ಅಷ್ಟರಲ್ಲಿ ಬೋಟಿನೊಳಗೆ ನೀರು ಹನಿಯುತ್ತಿರುವುದೂ ಕಂಡಿತು. ಶಾಫ್ಟ್ ಅಲುಗಾಡಿ ತನ್ನ ಸೀಲನ್ನೇ ತಿಂದು ಹಾಕಿತ್ತು. ಇನ್ನು ಕಾಯುವ ಹಾಗಿರಲಿಲ್ಲ.

ಎರಡನೇ ದಾರಿಗೆ ಎದೆ ಗಟ್ಟಿ ಬೇಕು. ಶಾಫ್ಟ್ ಬಿಡಿಸಲು ಕಂಪನಿಯ ರಿಪೇರಿ ಪುಸ್ತಕದ ಪ್ರಕಾರ ಎಂಜಿನ್ ತೆಗೆಯಬೇಕು. ಅದನ್ನು ತಪ್ಪಿಸಲು ಬಳೆಯನ್ನು ಹಿಡಿದಿರುವ ಹೊರಗಿನ ಹೌಸಿಂಗ್‌ಗೇ (ಲೋಹದ ಕವಚ) ತೂತು ಕೊರೆದು, ಅಲ್ಲಿಂದ ಸ್ಪ್ಯಾನರ್ ತೂರಿಸಿ ಲಿವರ್ ಬಿಡಿಸುವ ಉಪಾಯವಿದೆ. ಕೆಲಸ ಮುಗಿದ ಮೇಲೆ ತೂತಿಗೆ ಮರೆ (ಥ್ರೆಡ್) ಕೊರೆದು, ಸೀಲಂಟ್ ಹಚ್ಚಿ, ಪ್ಲಗ್ ತಿರುಗಿಸುವುದು. ಶಾಫ್ಟ್, ಬುಶ್, ಸೀಲ್, ಪ್ಲಗ್ ಎಲ್ಲ ಸೇರಿದ ಕಿಟ್ ಸಿಗುತ್ತದೆ. ನಾನು ಬಳೆಯನ್ನೂ ಹೊಸದು ತಂದೆ. ಸವೆದ ಬಳೆಗೆ ಹೊಸ ಶಾಫ್ಟ್ ಹಾಕುವುದು ಹರಿದ ಚೀಲಕ್ಕೆ ಅಕ್ಕಿ ತುಂಬಿದ ಹಾಗೆ.

ನನ್ನ ಡ್ರೈವ್ ಇಳಿಸಲು ಆರು ನಟ್. ಗೇರನ್ನು ಫಾರ್ವರ್ಡ್‌ಗೆ ಹಾಕಿ ಬಿಚ್ಚಬೇಕು, ಇಲ್ಲದಿದ್ದರೆ ಗೇರ್ ಬದಲಿಸುವ ಕೊಂಡಿ ಸಿಕ್ಕಿಕೊಳ್ಳುತ್ತದೆ. ಸುಮಾರು 70 ಕೆ.ಜಿ. ತೂಕ, ಒಬ್ಬರೇ ಹಿಡಿಯುವ ಸಾಹಸ ಬೇಡ. ಆಮೇಲೆ ನೀರು ತಡೆಯುವ ರಬ್ಬರ್ ಬೆಲ್ಲೋಸ್, ಡ್ರೈವ್ ಕೂರುವ ಬೆಲ್ ಹೌಸಿಂಗ್, ಬಳೆ ಬಿಚ್ಚಿದೆ. ಒಳ್ಳೆಯ ಹೌಸಿಂಗ್‌ಗೆ ಡ್ರಿಲ್ ಇಡುವಾಗ ನನ್ನ ಕೈ ನಡುಗಿದ್ದು ನಿಜ. ಕೊರೆದ ಪುಡಿ ಒಳಗೆ ಬೀಳದಂತೆ ಗ್ರೀಸ್ ಬಳಿದೆ, ಬಿದ್ದದ್ದನ್ನು ವ್ಯಾಕ್ಯೂಮ್‌ನಲ್ಲಿ ಎಳೆದೆ. ಇಕ್ಕಟ್ಟಿನಲ್ಲಿ ಸ್ಪ್ಯಾನರ್ ಒಂದು ಸಲಕ್ಕೆ ಬೆರಳಷ್ಟು ತಿರುಗುತ್ತದೆ. ಎರಡು ವಾರಾಂತ್ಯ ಹಿಡಿಯಿತು. ಹೇಗೂ ಬಿಚ್ಚಿದ್ದೇನೆ ಅಂತ ಬೆಲ್ಲೋಸ್, ಎಂಜಿನ್‌ಗೆ ಹೋಗುವ ಡ್ರೈವ್ ಶಾಫ್ಟನ್ನು ಹೊರುವ ಗಿಂಬಲ್ ಬೇರಿಂಗ್ ಎರಡೂ ಹೊಸದು ಹಾಕಿದೆ. ಬೆಲ್ಲೋಸ್ ಹರಿದರೆ ಬೋಟೇ ಮುಳುಗಬಹುದು, ಅಲ್ಲಿ ಜಿಪುಣತನ ಬೇಡ.

ಮೂರನೇ ದಾರಿ ನೋಡಿದ್ದು ಗೆಳೆಯನ ಬೋಟಿನಲ್ಲಿ. ಅವನದೂ ಇದೇ ಕಾಯಿಲೆ. ತೂತು ಕೊರೆಯಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಕ್ರೇನ್ ಬಾಡಿಗೆಗೆ ತಂದು ಇಬ್ಬರೂ ಸೇರಿ ಎಂಜಿನ್ ಎತ್ತಿದೆವು. ಹೋಸು, ವೈರು, ಮೌಂಟ್ ಬಿಚ್ಚಲು ಒಂದು ದಿನ ಪೂರ್ತಿ ಹೋಯಿತು. ಆದರೆ ಲಿವರ್ ಕಣ್ಣೆದುರೇ ಇತ್ತು, ಶಾಫ್ಟ್ ಬದಲಿಸುವುದು ನೀರು ಕುಡಿದಷ್ಟು ಸುಲಭ. ವಾಪಸ್ ಕೂರಿಸುವುದೇ ಕಷ್ಟ. ಎಂಜಿನ್ನೂ ಡ್ರೈವೂ ಒಂದೇ ಗೆರೆಯಲ್ಲಿವೆಯಾ ಅಂತ ನೋಡುವ ಅಲೈನ್‌ಮೆಂಟ್ ಸಲಾಕೆ ಬೇರಿಂಗ್ ದಾಟಿ ಎಂಜಿನ್ನಿನ ಕಪ್ಲರ್‌ಗೆ ಎರಡು ಬೆರಳಿನ ಬಲಕ್ಕೇ ಜಾರಬೇಕು. ಮೌಂಟ್ ಏರಿಸಿ ಇಳಿಸಿ, ಅದು ಸರಿಯಾಗಿ ಕೂರುವ ಹೊತ್ತಿಗೆ ಕತ್ತಲಾಗಿತ್ತು.

ಆದರೂ ಅವನಿಗೆ ಒಂದು ಲಾಭ ಆಯಿತು. ಎಂಜಿನ್ ಇಲ್ಲದ ಜಾಗದಲ್ಲಿ ಟ್ರಾನ್ಸಮ್, ಅಂದರೆ ಬೋಟಿನ ಹಿಂಗೋಡೆಯ ಹಲಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದಾಗ ಒಂದು ಮೂಲೆ ಮೆತ್ತಗೆ ಸದ್ದು ಮಾಡಿತು. ಒಳಗೆ ಮರ ಕೊಳೆತಿತ್ತು. ನನ್ನ ದಾರಿಯಲ್ಲಿ ಹೋಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಬೋಟು ಹಳೆಯದು, ಟ್ರಾನ್ಸಮ್ ಬಗ್ಗೆ ಅನುಮಾನವಿದೆ, ಇಲ್ಲವೇ ಎಂಜಿನ್‌ಗೂ ಕೆಲಸವಿದೆ ಅಂತಾದರೆ ಎತ್ತಿಬಿಡಿ. ಎಂಜಿನ್ ಚೆನ್ನಾಗಿದ್ದು ಹಲಗೆ ಗಟ್ಟಿಯಿದ್ದರೆ ನಾನು ಮತ್ತೆ ತೂತೇ ಕೊರೆಯುತ್ತೇನೆ.

ಮೂರು ಬೇಸಿಗೆ ಆದ ಮೇಲೆ ಮೊನ್ನೆ ಅದೇ ರೆಕ್ಕೆ ಹಿಡಿದು ಅಲುಗಿಸಿದೆ. ಆಟ ಕಾಲು ಇಂಚೂ ಇಲ್ಲ, ಪ್ಲಗ್‌ಗಳ ಸುತ್ತ ಒಳಗೆ ಒಣಗಿದೆ. ಚಕ್ರದಲ್ಲಿ ಮಾತ್ರ ಒಂದು ಇಂಚು ಪ್ಲೇ ಉಳಿದಿದೆ. ಅದು ಚಕ್ರದ ಬುಡದ ಗೇರಿನದ್ದು. ಕೇಬಲ್ ಬದಲಿಸಿದ ದಿನ ಅದನ್ನೂ ಬದಲಿಸಬಹುದಿತ್ತು, ದುಡ್ಡು ಉಳಿಸಲು ಹೋಗಿ ಬಿಟ್ಟಿದ್ದೆ.