ಯೆಜ್ದಿಯ ಹಳೆಯ ಬಣ್ಣ ತೆಗೆಸಿದ್ದು: ಕಪನೂರಿನ ಒಂದು ಸ್ಯಾಂಡ್ ಬ್ಲಾಸ್ಟಿಂಗ್ ವರ್ಕ್‌ಶಾಪ್

ತಂದೆಯವರ ಯೆಜ್ದಿ ರೋಡ್‌ಕಿಂಗ್ ಗಾಡಿಯನ್ನು ಪೂರ್ತಿ ಬಿಚ್ಚಿ ಮೊದಲಿನ ರೂಪಕ್ಕೆ ತರಬೇಕೆಂದು ಹೊರಟಾಗ, ಅದರ ಮೈಮೇಲಿದ್ದ ಮೂರು ಪದರ ಬಣ್ಣವನ್ನು ಲೋಹಕ್ಕೆ ಪೆಟ್ಟಾಗದಂತೆ ತೆಗೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಈ ಬೈಕನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ, ಮೂಲ ಬಿಡಿಭಾಗವೊಂದು ಕೆಟ್ಟರೆ ಬದಲಿ ಹುಡುಕುವುದು ಸುಲಭವಲ್ಲ. ಹಿಂದೊಮ್ಮೆ ಒಂದು ಗ್ಯಾರೇಜಿನವರು ಎಂಜಿನ್ನಿನ ಅಲ್ಯೂಮಿನಿಯಂ ಕವರನ್ನು ಕಬ್ಬಿಣದ ಸಾಮಾನುಗಳ ಜೊತೆಗೇ ಕಾಸ್ಟಿಕ್ ಸೋಡಾದ ಡ್ರಮ್ಮಿನಲ್ಲಿ ರಾತ್ರಿಯಿಡೀ ಬಿಟ್ಟಿದ್ದರು. ಕಬ್ಬಿಣಕ್ಕೆ ತೊಂದರೆ ಮಾಡದ ಆ ದ್ರಾವಣ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ಬೆಳಿಗ್ಗೆ ಕೈಗೆ ಬಂದದ್ದು ಕಪ್ಪಗಾಗಿ, ಮೈತುಂಬ ಕುಳಿ ಬಿದ್ದು, ಸ್ಕ್ರೂ ತೂತುಗಳು ಸಡಿಲಾಗಿದ್ದ ಕವರು. ಹಾಗಾಗಿ, ಗಾಳಿಯ ಒತ್ತಡದಿಂದ ಗಟ್ಟಿ ಕಣಗಳನ್ನು ಬಡಿಸಿ ಬಣ್ಣ ತೆಗೆಯುವ (ಅದೇ ಸ್ಯಾಂಡ್ ಬ್ಲಾಸ್ಟಿಂಗ್), ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಈ ವರ್ಕ್‌ಶಾಪಿಗೆ ಮೇ ತಿಂಗಳ ಕೊನೆಯಲ್ಲಿ ಸಾಮಾನು ಒಯ್ದಾಗ ನನಗೆ ಭಯವೇ ಹೆಚ್ಚಿತ್ತು.

ಮಾಲೀಕರು ದರದ ಮಾತೆತ್ತುವ ಮೊದಲು ಎಲ್ಲ ಭಾಗಗಳನ್ನೂ ನೆಲದ ಮೇಲೆ ಹರಡಿ, ಕಬ್ಬಿಣವೋ ಅಲ್ಯೂಮಿನಿಯಮ್ಮೋ ತಿಳಿಯಲು ಒಂದೊಂದಕ್ಕೂ ಅಯಸ್ಕಾಂತ ಹಿಡಿದು ನೋಡಿದರು. ಚಾಸಿ, ಸ್ಟ್ಯಾಂಡು, ಸ್ವಿಂಗ್ ಆರ್ಮ್‌ಗಳನ್ನು ಒಂದು ಕಡೆ ಇಟ್ಟುಕೊಂಡು, ಮಡ್‌ಗಾರ್ಡು ಮತ್ತು ಟ್ಯಾಂಕನ್ನು ನನ್ನತ್ತಲೇ ಸರಿಸಿ, “ಇದಕ್ಕ ಬ್ಲಾಸ್ಟಿಂಗ್ ಬ್ಯಾಡ್ರಿ ಸರ್, ತಗಡು ಸೊಟ್ಟ ಆಗ್ತದ. ರಿಮೂವರ್ ಹಚ್ಚಿ ಮನ್ಯಾಗ ತೆಗೀರಿ” ಎಂದರು. ರಭಸದಿಂದ ಬಡಿಯುವ ಕಣಗಳು ತೆಳು ತಗಡಿನ ಒಂದೇ ಮೈಯನ್ನು ಹಿಗ್ಗಿಸುವುದರಿಂದ ಅದು ಬಾಗುತ್ತದೆ. ಟ್ಯಾಂಕಿನೊಳಗೆ ಕಣಗಳು ಸೇರಿದರೆ ಅವು ಕಾರ್ಬ್ಯುರೇಟರಿನವರೆಗೂ ಹೋಗುತ್ತವೆ. ತನಗೆ ಬರಬೇಕಾದ ಹಣವನ್ನು ಬಿಟ್ಟು ಇಂಥ ಮಾತು ಹೇಳಿದ್ದಕ್ಕಾಗಿ ಈ ಜಾಗವನ್ನು ನಾನು ಮೊದಲು ಮೆಚ್ಚುತ್ತೇನೆ.

ಚಾಸಿಯ ಕೆಲಸ ಅಚ್ಚುಕಟ್ಟಾಗಿದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಅಳಿಸಿದರೆ ಆರ್‌ಟಿಒ ಕಚೇರಿಯಲ್ಲಿ ತೊಂದರೆಯಾಗುವುದರಿಂದ, ಆ ಜಾಗಕ್ಕೂ ಬೇರಿಂಗ್ ಕೂರುವ ಜಾಗಕ್ಕೂ ನಾಲ್ಕು ಸುತ್ತು ಬಟ್ಟೆಯ ಟೇಪು ಸುತ್ತಿದ್ದರು. ಬೋಲ್ಟಿನ ತೂತುಗಳಿಗೆ ಹಳೆಯ ಬೋಲ್ಟುಗಳನ್ನೇ ತಿರುಗಿಸಿ ಮುಚ್ಚಿದ್ದರು. ಇಲ್ಲಿ ಹೊಳೆಮರಳಿನ ಬದಲು ಗಾರ್ನೆಟ್ ಎಂಬ ಗಟ್ಟಿ ಖನಿಜದ ಕಣಗಳನ್ನು ಬಳಸುತ್ತಾರೆ. ಮರಳಿನ ಸಿಲಿಕಾ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಕಾಯಿಲೆ ತರುತ್ತದೆಯಾದ್ದರಿಂದ ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಇದು ದೊಡ್ಡ ವಿಷಯ. ಬಣ್ಣವೆಲ್ಲ ಹೋದ ಮೇಲೆ ಚಾಸಿಯ ಕೆಳಕೊಳವೆಯಲ್ಲಿ, ವೆಲ್ಡಿಂಗಿನ ಪಕ್ಕದಲ್ಲೇ, ಕೂದಲೆಳೆಯಷ್ಟು ಬಿರುಕು ಕಂಡಿತು; ಅದರ ಸುತ್ತ ಅವರು ಸೀಮೆಸುಣ್ಣದಿಂದ ಗುರುತು ಮಾಡಿ ಕೊಟ್ಟರು.

ಮಡ್‌ಗಾರ್ಡಿಗೆ ನಾನು ಮನೆಯಲ್ಲಿ ಬಣ್ಣ ಕೀಳುವ ಜೆಲ್ ರಿಮೂವರ್ ಹಚ್ಚಿದೆ. ಇಂಥ ಹಲವು ರಿಮೂವರುಗಳಲ್ಲಿರುವ ಡೈಕ್ಲೋರೋಮೀಥೇನ್ ಎಂಬ ದ್ರಾವಕ ಸುಮಾರು 40 ಡಿಗ್ರಿಗೇ ಕುದಿಯುತ್ತದೆ; ನಮ್ಮೂರಿನ ಬೇಸಿಗೆಯ ಮಧ್ಯಾಹ್ನ ಹಚ್ಚಿದರೆ ಬಣ್ಣದೊಳಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಬೆಳಿಗ್ಗೆ ಆರು ಗಂಟೆಗೆ ಅಂಗಳದ ನೆರಳಿನಲ್ಲಿ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದಾಗ ಇಪ್ಪತ್ತು ನಿಮಿಷಕ್ಕೆ ಬಣ್ಣವು ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಪುಟ್ಟಿಯೂ ಕಿತ್ತು ಬಂದು, ಅದರಡಿ ಯಾರೋ ಸುತ್ತಿಗೆಯಿಂದ ತಟ್ಟಿ ನೇರ ಮಾಡಿದ ಹಳೆಯ ಗಾಯ ಕಾಣಿಸಿತು. ಡೈಕ್ಲೋರೋಮೀಥೇನಿನ ಆವಿ ಅಪಾಯಕಾರಿ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಕುತ್ತು. ಅಮೆರಿಕದಲ್ಲಿ 2019ರಿಂದ ಇಂಥ ರಿಮೂವರನ್ನು ಮನೆಬಳಕೆಗೆ ಮಾರುವಂತಿಲ್ಲ.

ವರ್ಕ್‌ಶಾಪಿನ ಬಗ್ಗೆ ನನ್ನ ತಕರಾರು ಒಂದಿದೆ. ಮೂರು ದಿನವೆಂದವರು ಒಂಬತ್ತು ದಿನ ತೆಗೆದುಕೊಂಡರು, ಅಷ್ಟಾದರೂ ತುಕ್ಕು ತಡೆಯುವ ತಳಬಣ್ಣವಾದ ಪ್ರೈಮರ್ ಹೊಡೆಯದೆ ಬರಿಮೈಯ ಚಾಸಿಯನ್ನೇ ಕೊಟ್ಟರು. ಜೂನ್ ಮೊದಲ ಮಳೆಯ ರಾತ್ರಿ ಅದು ಮನೆಯಲ್ಲೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೂದು ಲೋಹದ ಮೇಲೆಲ್ಲ ಹಳದಿ ತುಕ್ಕು ಹರಡಿತ್ತು, ಎಮರಿ ಪೇಪರಿನಿಂದ ಅದನ್ನು ಉಜ್ಜುವುದರಲ್ಲೇ ಒಂದು ದಿನ ಹೋಯಿತು. ಬ್ಲಾಸ್ಟಿಂಗ್ ಆದ ಲೋಹಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ಕೇಳಿದರೆ ಅವರೇ ಎಪಾಕ್ಸಿ ಪ್ರೈಮರ್ ಹೊಡೆದುಕೊಡುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಸಾಮಾನು ಒಪ್ಪಿಸುವಾಗಲೇ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಾನು ಕೊಟ್ಟದ್ದು ಒಟ್ಟು 2,800 ರೂಪಾಯಿ. ಮುಂದಿನ ವಾರ ಹೆಡ್‌ಲೈಟಿನ ಬ್ರ್ಯಾಕೆಟ್ಟು ಮತ್ತು ಚೈನ್ ಕವರನ್ನು ಅಯಸ್ಕಾಂತದ ಪರೀಕ್ಷೆಗೆ ಅವರಲ್ಲಿಗೇ ಒಯ್ಯುತ್ತಿದ್ದೇನೆ.