‘ಮಿಲಿಟರಿ ಮದ್ದು’ ಅಂತ ಯಾರಾದರೂ ಕೊಟ್ಟರೆ ಕೇಪಿನ ಕೋವಿಗೆ ಹಾಕಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳೆ ರಕ್ಷಣೆ ಲೈಸೆನ್ಸಿನ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯುವ ಕೋವಿ) ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ನಮ್ಮ ಚಿಕ್ಕಪ್ಪನ ಎಡಗೈಯಲ್ಲಿ ಈಗ ಎರಡು ಬೆರಳಿಲ್ಲ. ಕೋವಿ ಹಳತಾಗಿತ್ತು, ಅದಕ್ಕೇ ಸಿಡಿಯಿತು ಅಂತ ಊರಲ್ಲಿ ಮಾತು. ಅದು ಸುಳ್ಳು. ಕೋವಿ ಚೆನ್ನಾಗೇ ಇತ್ತು, ಒಳಗೆ ಹೋಗಿದ್ದು ಬೇರೆ ಮದ್ದು.

ಅದನ್ನು ಕೊಟ್ಟವನು ಲೈಸೆನ್ಸ್ ಇರುವ ಅಂಗಡಿಯವನಲ್ಲ. ಬೈಕಲ್ಲಿ ಮನೆ ಮನೆಗೆ ಬರುವ ಆಸಾಮಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮದ್ದು, ಮೇಲೆ ಚೀಟಿ ಇಲ್ಲ, ಬಿಲ್ ಇಲ್ಲ, ಲೈಸೆನ್ಸ್ ಪುಸ್ತಕದಲ್ಲಿ ನಮೂದೂ ಇಲ್ಲ. ‘ಮಿಲಿಟರಿ ಮದ್ದು, ಪವರ್ ಜಾಸ್ತಿ, ಹೊಗೆ ಬರಲ್ಲ, ನಳಿಗೆ ತೊಳೆಯೋ ಕೆಲಸ ಇಲ್ಲ’ ಅಂದನಂತೆ. ಮಲೆನಾಡಿನವರಿಗೆ ಆ ಕೊನೆ ಮಾತು ಸಾಕಲ್ವಾ? ಕೇಪಿನ ಕೋವಿಗೆ ಹಾಕುವ ಮಾಮೂಲಿ ಕರಿಮದ್ದು ಹೊಡೆದ ನಳಿಗೆಯನ್ನು ಅವತ್ತೇ ತೊಳೆಯದಿದ್ದರೆ ಅದರ ಮಸಿ ಇಲ್ಲಿನ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ಟು ಬಂದ ಕೋವಿ ವಾಪಸ್ ಸಿಗುವಾಗ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಚಿಕ್ಕಪ್ಪ ಎಂದಿನ ಬಿದಿರಿನ ಅಳತೆಯಲ್ಲೇ ಮದ್ದು ಹಾಕಿದರು. ಅಜ್ಜನ ಕಾಲದಿಂದ ಅದೇ ಅಳತೆ. ಕತ್ತ ತುರುಕಿ ಗಜದಲ್ಲಿ ಜಡಿದರು. ತೋಟಕ್ಕೆ ಇಳಿದ ಹಂದಿ ಹೆದರಿಸಲು ಬರೀ ಸದ್ದಿನ ಈಡು, ಚರೆ ಕೂಡ ಹಾಕಿರಲಿಲ್ಲ. ಕೋವಿಯನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರಿಂದ ಮುಖ ಉಳಿಯಿತು. ಆಮೇಲೆ ನಾನೇ ಹೋಗಿ ನೋಡಿದೆ. ನಳಿಗೆಯ ಬುಡ ಹೊಲಿಗೆ ಬಿಚ್ಚಿದ ಹಾಗೆ ಉದ್ದಕ್ಕೆ ಸೀಳಿತ್ತು. ಕೇಪು ಕೂರಿಸುವ ಮೊಲೆ ಕಿತ್ತುಕೊಂಡು ಹೋಗಿ ಹಿಂದಿದ್ದ ಅಡಿಕೆ ಮರಕ್ಕೆ ನಾಟಿತ್ತು. ಮರದ ಹಿಡಿ ಚೂರು ಚೂರು. ಸೀಳಿದ ಜಾಗದಲ್ಲಿ ಮಸಿಯೇ ಇರಲಿಲ್ಲ, ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು.

ನಮ್ಮ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ದೂರದ ಗುರಿಗೆ ರೈಫಲ್ ಹೊಡೆಯುವ ಹುಚ್ಚು ಅವನಿಗೆ, ತೋಟಾ ತಾನೇ ತುಂಬಿಕೊಳ್ಳುತ್ತಾನೆ. ಫೋಟೋ ಕಳಿಸಿದ್ದೇ ತಡ ಫೋನ್ ಮಾಡಿದ. ‘ಹೊಗೆ ಇಲ್ಲದ ಮದ್ದು ಹಾಕಿದಾರೆ’ ಅಂದ. ಅವನು ಹೇಳಿದ್ದು ಇಷ್ಟು. ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಹೊಗೆ, ಮಸಿ ಆಗಿ ಹೋಗುತ್ತದೆ. ಉಳಿದದ್ದು ಮಾತ್ರ ಗ್ಯಾಸ್ ಆಗಿ ಚರೆ ತಳ್ಳುತ್ತದೆ. ಹೊಗೆ ಇಲ್ಲದ ಮದ್ದನ್ನು ನೈಟ್ರೋಸೆಲ್ಯುಲೋಸ್‌ನಿಂದ ಮಾಡುತ್ತಾರೆ, ಆ ಮದ್ದು ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ಕಂಡುಹಿಡಿದದ್ದು. ಅದು ಹೆಚ್ಚುಕಡಿಮೆ ಪೂರ್ತಿ ಗ್ಯಾಸ್ ಆಗುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, ಒತ್ತಡ ಏರಿದಷ್ಟೂ ಅದು ಉರಿಯುವ ವೇಗವೂ ಏರುತ್ತದೆ. ವೇಗ ಏರಿದರೆ ಒತ್ತಡ ಮತ್ತೆ ಏರುತ್ತದೆ. ಕೇಪಿನ ಕೋವಿಯ ನಳಿಗೆ ಅದಕ್ಕೆ ಮಾಡಿದ್ದೇ ಅಲ್ಲ.

ಅವನ .308 ರೈಫಲ್ಲಿಗೆ ಅಮೆರಿಕದ ಕಟ್ಟಳೆಯಲ್ಲಿ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡ್. ಈಗಿನ 12 ಬೋರ್ ತೋಟಾ ಕೋವಿಗೇ 11,500. ಅಂಥ ಗಟ್ಟಿ ರೈಫಲ್ ಇಟ್ಟುಕೊಂಡೂ ಅವನು ಮದ್ದನ್ನು ಅಳತೆ ಡಬ್ಬಿಯಲ್ಲಿ ಸುಮ್ನೆ ಸುರಿಯುವುದಿಲ್ಲ. ಗ್ರೇನ್ ಲೆಕ್ಕದಲ್ಲಿ ತಕ್ಕಡಿಗೆ ಹಾಕುತ್ತಾನೆ. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ಎಚ್4350, ಐಎಂಆರ್ 4350 ಅಂತ ಎರಡು ಮದ್ದು ಸಿಗುತ್ತವಂತೆ. ನಂಬರ್ ಒಂದೇ ಆದರೂ ಉರಿಯುವ ವೇಗ ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಅದಕ್ಕೇ ಮೇಜಿನ ಮೇಲೆ ಒಂದೇ ಡಬ್ಬಿ. ಡಬ್ಬಿಯ ಚೀಟಿ ಕಿತ್ತುಹೋದರೆ ಆ ಮದ್ದು ಎಷ್ಟೇ ದುಡ್ಡಿನದ್ದಾದರೂ ಬಳಸುವುದಿಲ್ಲ. ನಮ್ಮಲ್ಲಿ ಕೊಟ್ಟೆಯಲ್ಲಿ ಬಂದದ್ದನ್ನು ‘ಕಪ್ಪಗಿದೆ, ಅಂದಮೇಲೆ ಕೋವಿ ಮದ್ದೇ’ ಅಂತ ನಂಬುತ್ತೇವೆ. ಹೊಗೆ ಇಲ್ಲದ ಮದ್ದಿಗೂ ಗ್ರಾಫೈಟ್ ಬಳಿದಿರುತ್ತಾರೆ, ಅದೂ ಕಪ್ಪಗೆ ಮಿರುಗುತ್ತದೆ. ಸಣ್ಣ ಕೊಳವೆ, ಬಿಲ್ಲೆ, ಉಂಡೆ ಆಕಾರದ ಕಾಳು ಕಂಡರೆ ಅನುಮಾನ ಪಡಿ. ಆದರೆ ಕಾಣದಿದ್ದರೆ ಸರಿಯಾದ ಮದ್ದು ಅಂತ ಅರ್ಥವಲ್ಲ. ಕಣ್ಣಲ್ಲಿ ನೋಡಿ ತೀರ್ಮಾನ ಮಾಡುವ ವಿಷಯವೇ ಅಲ್ಲ ಇದು.

ಆಸ್ಪತ್ರೆ ಖರ್ಚಿನ ಮೇಲೆ ಪೊಲೀಸ್ ಕೇಸ್ ಬೇರೆ. ಮದ್ದು ಎಲ್ಲಿಂದ ಬಂತು ಅಂದರೆ ತೋರಿಸಲು ಒಂದು ಚೂರು ಕಾಗದ ಇಲ್ಲ. ಲೈಸೆನ್ಸ್ ಅಮಾನತಾಗಿದೆ. ಬೈಕಿನವನ ಫೋನ್ ಸ್ವಿಚ್ ಆಫ್.

ಇಂಥ ಕೊಟ್ಟೆ ನಿಮ್ಮ ಮನೆಯಲ್ಲೂ ಇದ್ದರೆ ಸ್ವಲ್ಪ ಹಾಕಿ ನೋಡೋಣ, ಬೆಂಕಿ ಕೊಟ್ಟು ನೋಡೋಣ ಅನ್ನಬೇಡಿ. ಕರಿಮದ್ದಿಗೆ ಬೆರೆಸಲೂ ಬೇಡಿ. ಒಲೆ, ಕರೆಂಟಿನಿಂದ ದೂರ ಇಟ್ಟು ಸ್ಟೇಷನ್ನಿಗೆ ಹೇಳಿ, ಅವರು ಹೇಳಿದಂತೆ ಮಾಡಿ. ಈಗಾಗಲೇ ಈಡು ತುಂಬಿ ಮೂಲೆಯಲ್ಲಿಟ್ಟ ಕೋವಿ ಇದ್ದರೆ ಅದನ್ನು ಹೊಡೆದು ಖಾಲಿ ಮಾಡಲು ಹೋಗಲೇಬೇಡಿ. ಕೇಪು ಹಾಕಿದ್ದರೆ ಅದನ್ನೂ ಕೆದಕಬೇಡಿ. ನಳಿಗೆ ಯಾರ ಕಡೆಗೂ ಇರದಂತೆ ಇಟ್ಟು, ಮನೆಯವರನ್ನು ದೂರ ಕಳಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಅಲ್ಲಿಗೇ ಕರೆಸಿ. ನೀರು ಹೊಯ್ದರೆ ಸತ್ತುಹೋಗುತ್ತದೆ ಅನ್ನುವುದು ಕರಿಮದ್ದಿನ ಲೆಕ್ಕ. ಹೊಗೆ ಇಲ್ಲದ ಮದ್ದು ನೀರಲ್ಲಿ ಕರಗುವುದಿಲ್ಲ, ಒಣಗಿದ ಮೇಲೆ ಮತ್ತೆ ಉರಿಯುತ್ತದೆ.