ಅಂಬೆಗಾಲಿನ ಮಗುವೂ ಬೆಕ್ಕೂ ಇರುವ ಮನೆಗೆ: ಕಿಂಡಿ ಗೇಟೋ, ಬಾಗಿಲ ಪಟ್ಟಿಯೋ?

ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡುವ ಪೆಟ್ಟಿಗೆ) ಇಟ್ಟ ಕೋಣೆಗೆ ಮಗು ಹೋಗಬಾರದು, ಬೆಕ್ಕು ಮಾತ್ರ ಹಗಲೂ ರಾತ್ರಿ ಹೋಗಿಬರಬೇಕು. ಇದಕ್ಕೆಂದು ಮಾರುವ ಸಾಮಾನಿನಲ್ಲಿ ಮುಖ್ಯವಾದವು ಎರಡು: ಕೆಳಗೆ ಬೆಕ್ಕಿನ ಕಿಂಡಿ ಇರುವ ಲೋಹದ ಬೇಬಿ ಗೇಟ್, ಮತ್ತು ಬಾಗಿಲನ್ನು ಸ್ವಲ್ಪವೇ ತೆರೆಯಲು ಬಿಡುವ ಅಂಟುಪಟ್ಟಿ. ಲಿಟರ್ ಕೋಣೆಗೆ ಪಟ್ಟಿಯನ್ನೇ ಕೊಳ್ಳಿ. ಗೇಟ್ ಅಡುಗೆಮನೆಗೆ ಇರಲಿ, ಕಿಂಡಿ ಮುಚ್ಚಿಟ್ಟು.

ಕಾರಣ ಕಿಂಡಿಯ ಅಳತೆಯಲ್ಲೇ ಇದೆ. ಅದು ಸಾಮಾನ್ಯವಾಗಿ 7 ಇಂಚು ಅಗಲ, 10 ಇಂಚು ಎತ್ತರದ ಆಸುಪಾಸಿನಲ್ಲಿರುತ್ತದೆ, ಅದೂ ನೆಲಮಟ್ಟಕ್ಕೆ ಹತ್ತಿರ. ಮನೆಯ ರೇಲಿಂಗಿನಲ್ಲಿ 4 ಇಂಚಿಗಿಂತ ದೊಡ್ಡ ಸಂದು ಬಿಡಬಾರದು ಎನ್ನುವುದು ಮಗು ನುಸುಳಬಾರದೆಂದೇ. ಹಾಗಿರುವಾಗ ಈ ಕಿಂಡಿಯಲ್ಲಿ ಅಂಬೆಗಾಲಿನ ಮಗು ಆರಾಮಾಗಿ ದಾಟಿಬಿಡುತ್ತದೆ. ಕಿಂಡಿ ಮುಚ್ಚಿಟ್ಟರೆ ಬೆಕ್ಕು 30 ಇಂಚಿನ ಗೇಟ್ ಹಾರಬೇಕು. ಎಳೆಯ, ಚುರುಕಾದ ಬೆಕ್ಕಿಗೆ ಅದೇನೂ ಕಷ್ಟವಲ್ಲ. ಕೀಲುನೋವಿನ ಮುದಿ ಬೆಕ್ಕಿಗೆ ಆಗದು. ಆಸರೆಗೆ ಸ್ಟೂಲ್ ಇಡೋಣವೆಂದರೆ, ಮಗುವಿರುವ ಕಡೆ ಇಟ್ಟ ಸ್ಟೂಲ್ ಮಗುವಿಗೇ ಏಣಿಯಾಗುತ್ತದೆ.

ಈ ಗೇಟ್ ನಿಲ್ಲುವುದು ಎರಡೂ ಬದಿಯ ಬೋಲ್ಟುಗಳ ಒತ್ತಡದಿಂದ. ಅಡುಗೆಮನೆಗೆ ತಂದು ಪೆಟ್ಟಿಗೆ ಬಿಚ್ಚಿದೊಡನೆ ಅದರ ಚೌಕಟ್ಟು ಸೊಟ್ಟಗೆ, ಚಿಲಕ ಕೂರದಷ್ಟು ಸಂದು ಬಿಟ್ಟಂತೆ ಕಾಣುತ್ತದೆ. ಹಾಳಾದ ಮಾಲು ಎಂದು ವಾಪಸ್ ಕಳಿಸಬೇಡಿ. ಮೇಲಿನ ಎರಡು ಬೋಲ್ಟ್ ಬಿಗಿಸುತ್ತ ಹೋದಂತೆ ಆ ಸಂದು ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ನಿಜವಾದ ತೊಡಕು ಗೋಡೆಯ ಬುಡಕ್ಕೆ ಹಾಕಿಸುವ ಗ್ರಾನೈಟ್ ಸ್ಕರ್ಟಿಂಗ್: ಅದು ಗೋಡೆಯಿಂದ ಮುಂದೆ ಚಾಚಿರುವುದರಿಂದ ಕೆಳಗಿನ ಬೋಲ್ಟ್ ಒಂದು ಮಟ್ಟದಲ್ಲಿ, ಮೇಲಿನದು ಇನ್ನೊಂದು ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಗೋಡೆಗಿಂತ ಮರದ ಬಾಗಿಲ ಚೌಕಟ್ಟಿಗೆ ಕೂರಿಸುವುದು ಲೇಸು. ಬೋಲ್ಟಿನ ತುದಿ ಕೂರಲೆಂದು ಜೊತೆಗೆ ಬರುವ ನಾಲ್ಕು ಪ್ಲಾಸ್ಟಿಕ್ ಬಟ್ಟಲುಗಳನ್ನು ಸ್ಕ್ರೂ ಹಾಕಿಯೇ ಕೂರಿಸಿ. ಬಟ್ಟಲಿಲ್ಲದ ಗೇಟನ್ನು ಮಗು ಮೈಭಾರ ಹಾಕಿ ಜರುಗಿಸಬಹುದು. ವಾರಕ್ಕೊಮ್ಮೆ ಬೋಲ್ಟ್ ಬಿಗಿ ನೋಡಿ. ಮೆಟ್ಟಿಲಿನ ಮೇಲ್ತುದಿಗೆ ಈ ಬಗೆಯ ಗೇಟ್ ಬೇಡವೇ ಬೇಡ: ಜರುಗಿದರೆ ಮಗು ಗೇಟಿನ ಸಮೇತ ಕೆಳಕ್ಕೆ, ಮೇಲಾಗಿ ಕೆಳಗಿನ ಅಡ್ಡಕಂಬಿಗೆ ದೊಡ್ಡವರೂ ಎಡವುತ್ತಾರೆ.

ಇನ್ನು ಪಟ್ಟಿ. ಒಂದು ತುದಿ ಬಾಗಿಲಿಗೆ, ಇನ್ನೊಂದು ಚೌಕಟ್ಟಿಗೆ. ನಡುವಿನ ಉದ್ದ ಹೊಂದಿಸಬಹುದು. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಿ, ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ, 24 ಗಂಟೆ ಮುಟ್ಟಬೇಡಿ. ಡಿಸ್ಟೆಂಪರ್ ಬಳಿದ ಗೋಡೆಗೆ ಇದು ನಿಲ್ಲದು. ಹಳೆಯ ಪೇಂಟು ಸಿಪ್ಪೆ ಏಳುತ್ತಿದ್ದರೆ ಅಂಟು ಹಿಡಿದರೂ ಪೇಂಟೇ ಕಿತ್ತುಬರುತ್ತದೆ.

ಎತ್ತರ ನಾಲ್ಕೂವರೆ ಅಡಿ ಇರಲಿ, ಮಗುವಿನ ಕೈಗೆ ಸಿಗದಂತೆ. ಹೆಚ್ಚಿನವರು ತಪ್ಪುವುದು ಇದರ ನಂತರ. ಪಟ್ಟಿ ಮೇಲಿರುವುದರಿಂದ ಕೆಳಗೆ ತಳ್ಳಿದಾಗ ಫ್ಲಶ್ ಡೋರ್ ಬಾಗುತ್ತದೆ. ಮೇಲಿಗಿಂತ ಕೆಳಗಿನ ಸಂದು ಅಗಲವಾಗುತ್ತದೆ. ಹಾಗಾಗಿ ಅಳತೆ ಟೇಪ್ ಹಿಡಿಯಬೇಕಾದದ್ದು ನೆಲದ ಹತ್ತಿರ, ಬಾಗಿಲನ್ನು ಕಾಲಿನಿಂದ ಗಟ್ಟಿಯಾಗಿ ಒತ್ತಿಕೊಂಡು. ಒತ್ತಿದಾಗಲೂ 10 ಸೆಂ.ಮೀ. ದಾಟಬಾರದು. ತೆಳ್ಳಗಿನ ನಾಡಬೆಕ್ಕು ಇಷ್ಟರಲ್ಲಿ ನುಸುಳುತ್ತದೆ. ಮೈ ತುಂಬಿದ ಬೆಕ್ಕಾದರೆ ಸಂದು ಅಗಲ ಮಾಡಲು ಹೋಗಬೇಡಿ, ಅದಕ್ಕೆ ಈ ಸಾಮಾನು ಒಗ್ಗುವುದಿಲ್ಲ.

ಪಟ್ಟಿಯ ದೊಡ್ಡ ಕೊರತೆ ಒಂದಿದೆ: ಅದು ಬಾಗಿಲು ತೆರೆಯುವುದನ್ನು ತಡೆಯುತ್ತದೆಯೇ ಹೊರತು ಮುಚ್ಚಿಕೊಳ್ಳುವುದನ್ನಲ್ಲ. ಯುಟಿಲಿಟಿ ಕಡೆಯಿಂದ ಗಾಳಿ ಬೀಸಿ ಬಾಗಿಲು ಬಡಿದರೆ ಬೆಕ್ಕು ಒಳಗೇ ಸಿಕ್ಕಿಬೀಳುತ್ತದೆ, ಮಗುವಿನ ಬೆರಳೂ ಜಜ್ಜಬಹುದು. ಇಂಗ್ಲಿಷಿನ ಸಿ ಆಕಾರದ ಫೋಮ್ ಸ್ಟಾಪರನ್ನು ಬಾಗಿಲಿನ ಅಂಚಿಗೆ, ಪಟ್ಟಿಗಿಂತ ಮೇಲೆ ಸಿಕ್ಕಿಸಿ. ಕೆಳಗೆ ಹಾಕಿದರೆ ಮಗು ಕಚ್ಚಿ ಚೂರು ನುಂಗುವ ಅಪಾಯವಿದೆ. ಹಿಂಜಿನ ಬದಿಗೆ ಬೆರಳು ಸಿಗದಂತೆ ಪ್ಲಾಸ್ಟಿಕ್ ಗಾರ್ಡ್ ಬೇರೆಯೇ ಬೇಕು.

ಪಟ್ಟಿ ಹಾಕಿದ ಮೇಲೂ ಲಿಟರ್ ದಿನಾ ತೆಗೆಯಲೇಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇದ್ದರೂ ಅದು ಸೋಂಕು ತಗಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಹಿಡಿಯುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬಾಕ್ಸನ್ನು ಬಾಗಿಲ ಸಂದಿನಿಂದ ಕನಿಷ್ಠ ಮೂರಡಿ ಒಳಗಿಡಿ, ಮಗು ಕೈ ಚಾಚಿದರೂ ಎಟುಕದಂತೆ.